ಕೂತ್ಕೊಂಡು ಒಂದ್ಸಲ ಉಸಿರು ತಗೋ

ಈ ವಾರ ಮೊದಲ ಸಲ ಜೋರು ಮಳೆ ಬಂದ ರಾತ್ರಿ ನಾನು ನೆಮ್ಮದಿಯಾಗಿ ಮಲಗಿದ್ದೆ. ಹಿಂದಿನ ದಿನವಷ್ಟೇ ಲಾಯದ ತೆರೆದ ಬದಿಗಳಿಗೆಲ್ಲ ಟಾರ್ಪಾಲಿನ್ ಕಟ್ಟಿ ಮುಗಿಸಿದ್ದೆ. ಸೂರಿನಿಂದ ನೆಲದವರೆಗೆ, ಎಲ್ಲೂ ಸಂದಿಯಿಲ್ಲದ ಹಾಗೆ. ಹೋದ ವಾರದ ಎರಚಲಿಗೆ ಎರಡೂ ಕುದುರೆಗಳು ತೊಯ್ದು, ಹಾಸಿದ ಹುಲ್ಲೆಲ್ಲ ಕೆಸರಾಗಿದ್ದನ್ನು ನೋಡಿ ಕರುಳು ಚುರುಕ್ ಅಂದಿತ್ತು.

ಬೆಳಿಗ್ಗೆ ತಾತ ಬಂದರು. ನೆಂಟರಲ್ಲ, ಆದರೆ ಬದುಕೆಲ್ಲ ಕುದುರೆಗಳ ಜೊತೆಯಲ್ಲೇ ಕಳೆದವರು. ಟಾರ್ಪಾಲಿನ್ ಸರಿಸಿ ಒಳಗೆ ಬಂದು ಸುಮ್ನೆ ನಿಂತರು.

"ನೋಡಿ ತಾತ, ಒಂದು ಹನಿ ಬಿದ್ದಿಲ್ಲ," ಅಂದೆ.

"ಬಿದ್ದಿಲ್ಲ ಮಗಾ. ಇಲ್ಲಿ ಬಾ. ಕೂತ್ಕೊಂಡು ಒಂದ್ಸಲ ಉಸಿರು ತಗೋ."

ಕೂತೆ. ಕಣ್ಣು ಉರಿಯಿತು. ನಿಂತಾಗ ಅಷ್ಟಾಗಿ ಗೊತ್ತಾಗದ ಘಾಟು ಅಲ್ಲಿ ಮೂಗಿಗೆ ಅಡರಿತು. ಉಚ್ಚೆ ನೆನೆದ ಹಾಸಿನಿಂದ ಏಳುವ ಅಮೋನಿಯಾ ಅದು. ಟಾರ್ಪಾಲಿನ್‌ನ ಒಳಮೈ ಬೆವೆತು ಹನಿ ಹನಿಯಾಗಿ ಇಳಿಯುತ್ತಿತ್ತು. ಹೆಣ್ಣು ಕುದುರೆ ತಲೆ ತಗ್ಗಿಸಿ ಹುಲ್ಲು ಎಳೆಯುತ್ತಾ ಎರಡು ಸಲ ಕೆಮ್ಮಿತು. ಅದು ತಿನ್ನುವುದು, ಮಲಗುವುದು ಎಲ್ಲ ಆ ಘಾಟಿನಲ್ಲೇ. ನಾನು ಅಳತೆ ಹಿಡಿದಾಗೆಲ್ಲ ನಿಂತೇ ನೋಡಿದ್ದೆ.

ಬರೀ ಚಳಿ ಕುದುರೆಗೆ ನಮ್ಮಷ್ಟು ಕಷ್ಟವಲ್ಲ. ಒಣಗಿದ ಕೂದಲು ನಿಮಿರಿ ನಡುವೆ ಗಾಳಿ ಹಿಡಿದುಕೊಂಡು ಮೈ ಬೆಚ್ಚಗಿಡುತ್ತದೆ. ತೊಯ್ದರೆ ಕೂದಲು ಮೈಗೆ ಅಂಟುತ್ತದೆ, ಆ ಬಿಸಿ ಹೋಗುತ್ತದೆ. ಹಾಗಾಗಿ ತಡೆಯಬೇಕಾದ್ದು ಎರಚಲನ್ನು, ಮುರಿಯಬೇಕಾದ್ದು ಬಿರುಸು ಗಾಳಿಯನ್ನು. ಉಸಿರಾಡುವ ಗಾಳಿಯನ್ನಲ್ಲ.

ಅವತ್ತೇ ಎಲ್ಲ ಬಿಚ್ಚಿದೆವು. ಮೊದಲು ತಾತ ಗುದ್ದಲಿ ಹಿಡಿದು ಹೊರಗೆ ಸುತ್ತಲೂ ಚರಂಡಿ ತೋಡಿಸಿದರು. ಹಾಸು ಕೆಸರಾಗಲು ಎರಚಲೊಂದೇ ಕಾರಣವಾಗಿರಲಿಲ್ಲ. ಸೂರಿನಿಂದ ಬಿದ್ದ ನೀರೂ ಒಳಗೇ ಹರಿದು ಬರುತ್ತಿತ್ತು. ಚರಂಡಿಗೆ ಬೇಕಾಗಿದ್ದು ಬೆವರು ಮಾತ್ರ, ಆದರೂ ನನಗೆ ಹೊಳೆದಿರಲಿಲ್ಲ. ಆಮೇಲೆ ಮಳೆ ಹೊಡೆಯುವ ಬದಿಗೆ ಕೆಳಗಿನ 4 ಅಡಿ ಹಳೇ ದಪ್ಪ ಹಲಗೆ, ಅದರ ಮೇಲೆ ಶೇಡ್ ನೆಟ್. ಸೂರಿನ ಕೆಳಗೆ ಒಂದಡಿ ಖಾಲಿ ಬಿಟ್ಟೆವು. ಪೂರ್ತಿ ಮುಚ್ಚಿದ ಗೋಡೆಯನ್ನು ಗಾಳಿ ಹತ್ತಿ ಆಚೆ ಸುಳಿಯಾಗಿ ಇಳಿಯುತ್ತದೆ. ಅರ್ಧದಷ್ಟು ಕಿಂಡಿ ಇರುವ ಬಲೆಯಲ್ಲಾದರೆ ಸೋಸಿ, ಮೆತ್ತಗಾಗಿ ಬರುತ್ತದೆ. ನೆಟ್ಟನ್ನು ಬರೀ ಹಗ್ಗದಿಂದ ಕಟ್ಟಿದರೆ ಕಟ್ಟಿದಲ್ಲೇ ಹರಿಯುತ್ತದೆ, ಪಟಪಟ ಬಡಿದು ಕುದುರೆ ಬೆದರುತ್ತದೆ. ಎರಡು ರೀಪುಗಳ ನಡುವೆ ಅದರ ಅಂಚನ್ನು ಸಿಕ್ಕಿಸಿ ಮೊಳೆ ಹೊಡೆದೆವು.

ತಗಡು ಹೊಡೆಸಿ, ಒಂದೇ ದಿನದ ಕೆಲಸ ಅಂತ ಒಬ್ಬರು ಹೇಳಿದ್ದರು. ಒಳ್ಳೆಯ ಮನಸ್ಸಿನವರೇ. ಆದರೆ ಕುದುರೆ ಒದೆಯುವುದನ್ನು ಅವರು ಹತ್ತಿರದಿಂದ ನೋಡಿಲ್ಲ. ತೆಳು ತಗಡು ಒಂದೇ ಒದೆತಕ್ಕೆ ಸೀಳಿ, ಆ ಅಂಚು ಕಾಲನ್ನೇ ಕೊಯ್ಯಬಹುದು. ಕುದುರೆ ಸಾಕುವವರಿಗೆ ಸಲಹೆ ಕೊಡುವ ಮುಂಚೆ ಒಂದು ದಿನ ಲದ್ದಿ ಎತ್ತಬೇಕು ಅಂತ ನನಗನ್ನಿಸುತ್ತದೆ.

ಕೆಲಸ ಮುಗಿದರೂ ತಾತನ ಮಾತು ಬಿಡಲಿಲ್ಲ. ಕೂತ್ಕೊಂಡು ಒಂದ್ಸಲ ಉಸಿರು ತಗೋ. ಅಮ್ಮ ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಥಂಡಿ ಆಗಬಾರದು ಅಂತ ನಾನು ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದೆ. "ಸ್ವಲ್ಪ ತೆಗಿಯೋ," ಅನ್ನುತ್ತಿದ್ದಳು. ಬೇಡಮ್ಮಾ, ಗಾಳಿ ಇದೆ ಅಂತ ಹೊದಿಕೆ ಎಳೆದು ಸರಿಮಾಡುತ್ತಿದ್ದೆ. ಪ್ರೀತಿಯಿಂದಲೇ ಮಾಡಿದ್ದು. ಒಂದು ದಿನವೂ ಆ ಮಂಚದ ಮೇಲೆ ಮಲಗಿ, ಅಲ್ಲಿಂದ ಕೋಣೆ ಹೇಗಿದೆ ಅಂತ ನೋಡಲಿಲ್ಲ.

ನಿನ್ನೆ ರಾತ್ರಿ ಮತ್ತೆ ಮಳೆ. ಟಾರ್ಚ್ ಹಿಡಿದು ಹೋದೆ. ನೆಟ್ಟಿನ ತುಂಬ ಹನಿ ಮಿನುಗುತ್ತಿತ್ತು, ಒಳಗೆ ತುಂತುರಿನಷ್ಟೇ ಬರುತ್ತಿತ್ತು. ಹೆಣ್ಣು ಕುದುರೆ ಗಾಳಿಗೆ ಬೆನ್ನು ಹಾಕಿ ನಿಂತಿತ್ತು. ಜೂಲಿನ ಕೆಳಗೆ ಕೈಯಿಟ್ಟೆ. ಒಣಗಿತ್ತು, ಬೆಚ್ಚಗಿತ್ತು. ಹಾಸಿನ ಪಕ್ಕ ಕೂತೆ. ಹುಲ್ಲಿನ ವಾಸನೆ, ಒದ್ದೆ ಮಣ್ಣಿನ ವಾಸನೆ. ಅದು ತಲೆ ತಗ್ಗಿಸಿ ನನ್ನ ಭುಜ ಮೂಸಿ, ಮತ್ತೆ ಹುಲ್ಲು ಎಳೆಯತೊಡಗಿತು.