ಬುಧವಾರದ ಪೇಟೆ, ಬುಧವಾರದ ಊಟ

ಹ್ಯಾಂಬರ್ಗಿನಲ್ಲಿ ನಾವು ನಾಲ್ಕು ವರ್ಷ ಬಾಡಿಗೆಗಿದ್ದ ಕಟ್ಟಡದ ಮೇಲಂತಸ್ತಿನಲ್ಲಿ ವಾಸವಾಗಿದ್ದ ದಂಪತಿ, ತಮ್ಮ 11 ವರ್ಷದ ಮಗಳನ್ನು ಕರೆದುಕೊಂಡು ಈ ಜನವರಿಯಲ್ಲಿ ಬೆಂಗಳೂರಿಗೆ ಬರುತ್ತಿದ್ದಾರೆ. ಇಲ್ಲಿಂದ ಮುಂದೆ ಹಂಪಿಗೆ ಹೋಗುವವರಿದ್ದು, ನಡುವೆ ಒಂದು ಇಡೀ ದಿನವನ್ನು ನನಗೆ ಒಪ್ಪಿಸಿದ್ದಾರೆ. ಅವರು ಕೇಳಿರುವುದು ಎರಡೇ: ಊರಿಗೆ ಒಯ್ಯಲು ಒಂದಿಷ್ಟು ಸಾಮಾನು ಕೊಳ್ಳಬೇಕು, ಮತ್ತು ಬಾಳೆಲೆಯ ಮೇಲೆ ಒಂದು ಊಟ ಮಾಡಬೇಕು. ಇಷ್ಟು ಸಣ್ಣ ಕೋರಿಕೆಗಾಗಿ ನಾನು ಕಳೆದ ಹತ್ತು ದಿನಗಳಿಂದ ಒಂದು ನೋಟುಪುಸ್ತಕವನ್ನು ಕೆಡಿಸುತ್ತಿದ್ದೇನೆಂದು ಮನೆಯವರು ನಗುತ್ತಿದ್ದಾರೆ.

ನಗಲಿ. ಎರಡು ವರ್ಷದ ಹಿಂದೆ ಇದೇ ದಂಪತಿ ಕೆಲಸದ ಮೇಲೆ ಎರಡು ದಿನ ಬಂದಿದ್ದಾಗ, ನಾನು ಏನನ್ನೂ ಯೋಚಿಸದೆ ಬಾಡಿಗೆ ಕಾರಿನ ಚಾಲಕರ ಮಾತನ್ನು ನಂಬಿ ಅವರು ತೋರಿಸಿದ ಅಂಗಡಿಗೆ ಕರೆದೊಯ್ದಿದ್ದೆ. ಹವಾನಿಯಂತ್ರಿತ ಕೋಣೆಯೊಳಗೆ ಕೂರಿಸಿ, ಚಹಾ ಕೊಟ್ಟು, ಒಂದಾದ ಮೇಲೊಂದು ಶಾಲು ಹರವಿ, ಕೊನೆಗೆ ಕರ್ನಾಟಕಕ್ಕೆ ಯಾವ ಸಂಬಂಧವೂ ಇಲ್ಲದ ಒಂದು ಕಲ್ಲಿನ ಆನೆಯನ್ನು ದುಬಾರಿ ಬೆಲೆಗೆ ಅವರ ಕೈಗೆ ಕಟ್ಟಿದ ಆ ಮಧ್ಯಾಹ್ನ ನನಗಿನ್ನೂ ಮರೆತಿಲ್ಲ. ಆ ಆನೆ ಈಗ ಹ್ಯಾಂಬರ್ಗಿನ ಅವರ ಬಚ್ಚಲುಮನೆಯ ಕಿಟಕಿಯಲ್ಲಿದೆ.

ಮೊದಲಿಗೆ ದಿನವನ್ನು ಗೊತ್ತುಮಾಡಬೇಕಿತ್ತು. ಸಂಕ್ರಾಂತಿಗೆ ಮುಂಚಿನ ವಾರದಲ್ಲಿ ಗಾಂಧಿ ಬಜಾರನ್ನು ನೋಡುವ ಸೊಗಸೇ ಬೇರೆ. ಕಬ್ಬಿನ ಜಲ್ಲೆ, ಸಕ್ಕರೆ ಅಚ್ಚು, ಅವರೆಕಾಯಿಯ ಸೊಗಡು, ರಾಶಿ ರಾಶಿ ಎಳ್ಳು-ಬೆಲ್ಲ. ಆದರೆ ಆ ಎಳ್ಳು-ಬೆಲ್ಲದಲ್ಲಿ ಹುರಿದ ಕಡಲೆಕಾಯಿ ಬೀಜವಿರುತ್ತದೆ, ಮತ್ತು ಬರುತ್ತಿರುವ ಹುಡುಗಿಗೆ ಕಡಲೆಕಾಯಿ ಎಂದರೆ ತೀವ್ರವಾದ ಅಲರ್ಜಿ. ಅವಳ ತಂದೆಯ ಚೀಲದಲ್ಲಿ ಅಡ್ರಿನಲಿನ್ ಚುಚ್ಚುಮದ್ದು ಸದಾ ಇರುತ್ತದೆ. ಕಾರ್ತೀಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆಯನ್ನೇ ನಡೆಸುವ ಬಡಾವಣೆಗೆ ಕಡಲೆಕಾಯಿ ಆಗದ ಮಗುವನ್ನು ಕರೆತರುತ್ತಿದ್ದೇನೆ! ಆದ್ದರಿಂದ ಹಬ್ಬ ಕಳೆದ ಮರುವಾರವೇ ವಾಸಿ ಎಂದು ತೀರ್ಮಾನಿಸಿದೆ.

ವಾರದಲ್ಲಿ ಯಾವ ದಿನ ಎಂಬುದು ಇನ್ನೊಂದು ಲೆಕ್ಕ. ಸೋಮವಾರ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಹೋಟೆಲಿಗೆ ರಜೆ, ಶುಕ್ರವಾರ ದೋಸೆಯ ಹೋಟೆಲು ವಿದ್ಯಾರ್ಥಿ ಭವನಕ್ಕೆ ರಜೆ, ಭಾನುವಾರ ಚಿಕ್ಕಪೇಟೆಯ ಬಹುಪಾಲು ಅಂಗಡಿಗಳ ಬಾಗಿಲು ಎಳೆದಿರುತ್ತದೆ, ಶನಿವಾರ ಎಲ್ಲೆಲ್ಲೂ ಜನಜಾತ್ರೆ. ಉಳಿದ ಮೂರರಲ್ಲಿ ಬುಧವಾರವನ್ನು ಆರಿಸಿದ್ದಕ್ಕೆ ನಮ್ಮ ಮನೆಗೆಲಸದವರ ರಜೆಯ ಹೊರತು ಬೇರೆ ಕಾರಣವಿಲ್ಲ.

ಲಾಲ್‌ಬಾಗನ್ನು ಬಹಳ ಆಸೆಯಿಂದ ಬರೆದುಕೊಂಡಿದ್ದೆ. ಹೈದರಾಲಿ 1760ರಲ್ಲಿ ಆರಂಭಿಸಿದ ತೋಟದೊಳಗೆ ಪಶ್ಚಿಮದ ಬಾಗಿಲಿನಿಂದ ಹೊಕ್ಕು, ಕೆಂಪೇಗೌಡ ಗೋಪುರ ನಿಂತಿರುವ, ಸುಮಾರು 300 ಕೋಟಿ ವರ್ಷ ಹಳೆಯದಾದ ಬಂಡೆಯನ್ನು ಹತ್ತಿಸಿ, ಹಸಿವು ಹುಟ್ಟಿಸಿಕೊಂಡು ಊಟಕ್ಕೆ ಹೋಗುವುದೆಂದು. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ಅದೇ ದಿನಗಳಲ್ಲಿ ಬೀಳುತ್ತದೆಂಬುದು ಆಮೇಲೆ ಹೊಳೆಯಿತು. ಆ ನೂಕುನುಗ್ಗಲಿನಲ್ಲಿ ಬಂಡೆಯೂ ಕಾಣುವುದಿಲ್ಲ, ಹೂವೂ ಕಾಣುವುದಿಲ್ಲ. ತೆಗೆದುಹಾಕಿದೆ.

ಚಿಕ್ಕಪೇಟೆಯನ್ನು ತೆಗೆದುಹಾಕಲು ಮಾತ್ರ ಮೂರು ದಿನ ಹಿಡಿಯಿತು. ನನ್ನ ಮದುವೆಯ ಧಾರೆ ಸೀರೆ ಅಲ್ಲಿಯದು. ಬಿಳಿ ಹಾಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಅಂಗಡಿಯವರು ಸೀರೆಗಳನ್ನು ಅಲೆಯಂತೆ ಹಾರಿಸಿ ಬಿಡಿಸುವುದನ್ನು ಬಾಯಿ ಬಿಟ್ಟು ನೋಡಿದ ನೆನಪು ಹಸಿಯಾಗಿದೆ. ಆದರೆ ಸ್ನೇಹಿತೆಗೆ ಮಂಡಿನೋವು, ನೆಲದ ಮೇಲೆ ಕೂರಲಾರಳು. ಅವಳ ಗಂಡನಿಗೆ ಚೌಕಾಸಿ ಎಂದರೆ ಮೈಯೆಲ್ಲ ಮುಜುಗರ. ನಾನು ಬೆಲೆ ಇಳಿಸಲು ಹೆಣಗುತ್ತಿದ್ದರೆ ಅವನು ಹಿಂದಿನಿಂದ ಪೂರ್ತಿ ಹಣ ಕೊಟ್ಟುಬಿಡುವ ಜಾತಿಯವನು. ಆ ಪೇಟೆಗೆ ಪೇಟೆಯ ಗತ್ತು ಬಲ್ಲವರೇ ಹೋಗಬೇಕು.

ಊಟದ ವಿಚಾರಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟಿದ್ದೇನೆ. ಬೆಳಿಗ್ಗೆ ವಿದ್ಯಾರ್ಥಿ ಭವನದಲ್ಲಿ ದೋಸೆ, ಮಧ್ಯಾಹ್ನ ಬಾಳೆಲೆ ಊಟ ಎಂದು ಬರೆದುಕೊಂಡಿದ್ದು ದುರಾಸೆಯ ಯೋಜನೆ. 1943ರಿಂದ ಗಾಂಧಿ ಬಜಾರಿನಲ್ಲಿ ಬೇಯುತ್ತಿರುವ ಆ ದೋಸೆಯನ್ನು ಗರಿಗರಿಯಾಗಿ ತಿಂದವರಿಗೆ ಒಂದು ಗಂಟೆಯ ಹೊತ್ತಿಗೆ ಹೋಳಿಗೆ ಇಳಿಯುವುದಿಲ್ಲ. ದೋಸೆ ಇನ್ನೊಂದು ದಿನಕ್ಕೆ ಹೋಯಿತು. ಉಳಿದದ್ದು ಊಟ, ಮತ್ತು ಊಟದೊಳಗಿನ ಕಡಲೆಕಾಯಿ.

ನಮ್ಮ ಅಡುಗೆಯಲ್ಲಿ ಅದು ಎಲ್ಲೆಲ್ಲಿ ಅಡಗಿದೆ ಎಂಬುದನ್ನು ನಾನು ಇಷ್ಟು ವರ್ಷ ಲೆಕ್ಕ ಹಾಕಿರಲಿಲ್ಲ. ಚಿತ್ರಾನ್ನದ ಒಗ್ಗರಣೆಯಲ್ಲಿ, ಪುಳಿಯೋಗರೆಯಲ್ಲಿ, ಎಣ್ಣೆಗಾಯಿ ಬದನೆಕಾಯಿಯ ಮಸಾಲೆಯಲ್ಲಿ, ಕೆಲವರ ಮನೆಯ ಚಟ್ನಿಯಲ್ಲಿ, ಬೇಕರಿಗಳ ಕಾಂಗ್ರೆಸ್ ಬೀಜದಲ್ಲಂತೂ ಸರಿಯೇ, ಕೊನೆಗೆ ಹಪ್ಪಳ ಕರಿಯುವ ಎಣ್ಣೆಯಲ್ಲಿ. ಇದಕ್ಕಿಂತ ದೊಡ್ಡ ತೊಡಕು ಹೆಸರಿನದು. ನಮ್ಮ ಕಡೆ ಕಡಲೆಕಾಯಿ, ಕಡಲೆಬೀಜ ಎನ್ನುವುದನ್ನೇ ಉತ್ತರ ಕರ್ನಾಟಕದವರು ಶೇಂಗಾ ಎನ್ನುತ್ತಾರೆ. ಇತ್ತ ಕಡಲೆಬೇಳೆ, ಕಡಲೆಹಿಟ್ಟು, ಕಡಲೆಕಾಳು, ಹುರಿಗಡಲೆ ಇವೆಲ್ಲ ಬೇರೆಯೇ ಒಂದು ಕಾಳಿನ ಸಂತಾನ, ಅವು ಆ ಹುಡುಗಿಗೆ ಏನೂ ಮಾಡುವುದಿಲ್ಲ. ಹೀಗಿರುವಾಗ ಹೋಟೆಲಿನ ಗಲ್ಲಾದ ಮುಂದೆ ನಿಂತು "ಅಡುಗೆಗೆ ಕಡಲೆ ಹಾಕುತ್ತೀರಾ?" ಎಂದು ಕೇಳಿದರೆ ಬರುವ ಉತ್ತರಕ್ಕೆ ಯಾವ ಬೆಲೆಯೂ ಇಲ್ಲ. ಹೌದು ಎಂದರೆ ಒಗ್ಗರಣೆಯ ಕಡಲೆಬೇಳೆ ಇರಬಹುದು, ಇಲ್ಲ ಎಂದರೆ ಶೇಂಗಾ ಎಣ್ಣೆಯ ನೆನಪೇ ಅವರಿಗೆ ಆಗಿರಲಿಕ್ಕಿಲ್ಲ.

ಮೂರು ಕಡೆ ನಾನೇ ಹೋಗಿ ವಿಚಾರಿಸಿದೆ. ಮೊದಲನೆಯ ಕಡೆ ಗಲ್ಲಾದಲ್ಲಿದ್ದವರು "ಸ್ವಲ್ಪ ತಿಂದರೆ ಏನೂ ಆಗಲ್ಲ ಮೇಡಂ, ಮಕ್ಕಳಿಗೆ ರೂಢಿಯಾಗುತ್ತೆ" ಎಂದು ಧೈರ್ಯ ಹೇಳಿದರು. ಆ ಧೈರ್ಯ ನನಗೆ ಬೇಡವಾಗಿತ್ತು. ಎರಡನೆಯ ಕಡೆ ಪ್ರಾಮಾಣಿಕವಾಗಿ, ನಮ್ಮಲ್ಲಿ ಎಲ್ಲಕ್ಕೂ ಒಂದೇ ಬಾಣಲೆ, ಭರವಸೆ ಕೊಡಲಾಗುವುದಿಲ್ಲ ಎಂದರು. ಅವರ ಬಗ್ಗೆ ನನಗೆ ಗೌರವ ಹುಟ್ಟಿತು. ಮೂರನೆಯದು ಮದುವೆ ಮುಂಜಿಗಳಿಗೆ ಅಡುಗೆ ಮಾಡಿಸುವವರು ನಡೆಸುವ, ಮೂವತ್ತು ಜನ ಕೂರುವಷ್ಟು ಸಣ್ಣ ಊಟದ ಮನೆ. ಅಲ್ಲಿ ಅಡುಗೆ ಭಟ್ಟರೇ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಸೂರ್ಯಕಾಂತಿ ಎಣ್ಣೆಯ ಡಬ್ಬ ತೋರಿಸಿ, ಬುಧವಾರ ಚಿತ್ರಾನ್ನದ ಬದಲು ಮಾವಿನಕಾಯಿ ಇಲ್ಲದ ಕಾಲದಲ್ಲಿ ತಾವು ಮಾಡುವ ನೆಲ್ಲಿಕಾಯಿ ಅನ್ನ ಮಾಡುವುದಾಗಿಯೂ, ಅದಕ್ಕೆ ಬೀಜ ಮುಟ್ಟಿಸುವುದಿಲ್ಲವೆಂದೂ ಹೇಳಿದರು. ಮಗುವಿಗೆ ಗೋಡಂಬಿ ಆಗುತ್ತದೆಯೇ ಎಂದು ಅವರೇ ಕೇಳಿದಾಗ, ಇಲ್ಲಿಗೇ ಕರೆತರುವುದೆಂದು ನಿಶ್ಚಯವಾಯಿತು. ಗೋಡಂಬಿ ಆಗುತ್ತದಂತೆ, ಆ ರಾತ್ರಿಯೇ ಫೋನಿನಲ್ಲಿ ಕೇಳಿ ತಿಳಿದುಕೊಂಡೆ. ಮನೆಯಲ್ಲೇ ಅಡುಗೆ ಮಾಡಿಬಿಡು ಎಂದು ಅತ್ತೆಯವರು ಸೂಚಿಸಿದರು. ಆದರೆ ಆ ಮಗು ಎಲ್ಲಿಗೆ ಹೋದರೂ ತನ್ನ ಡಬ್ಬಿಯನ್ನೇ ಬಿಚ್ಚುತ್ತ ಬೆಳೆದಿದೆ. ಅಪರಿಚಿತರ ಸಾಲಿನಲ್ಲಿ ಕುಳಿತು, ಎಲ್ಲರಿಗೂ ಬಡಿಸಿದ್ದನ್ನೇ ತಾನೂ ಉಣ್ಣುವ ಅವಕಾಶ ಅದಕ್ಕೆ ಒಮ್ಮೆ ಸಿಗಲಿ ಎಂಬುದು ನನ್ನ ಹಟ.

ಊಟ ಗಟ್ಟಿಯಾದ ಮೇಲೆ ಪೇಟೆಯ ಕೆಲಸ ತಾನಾಗಿಯೇ ಎರಡು ಭಾಗವಾಯಿತು. ಬಿಸಿಲೇರುವ ಮುನ್ನ ಗಾಂಧಿ ಬಜಾರಿನಲ್ಲಿ ನಡೆದಾಡುವ ಖರೀದಿ: ಕಾಫಿಪುಡಿ, ಸಾರಿನ ಪುಡಿ, ಹಿತ್ತಾಳೆಯ ಸಣ್ಣ ದೀಪ, ಸ್ಟೀಲಿನ ಲೋಟ ಬಟ್ಟಲು. ಮಲ್ಲಿಗೆ ಸಿಕ್ಕರೆ ಮುಡಿಯಲಿಕ್ಕೆ ಒಂದು ಮೊಳ. ಧಾರವಾಡ ಪೇಡ ಇಲ್ಲೇ ತಿಂದು ಮುಗಿಸಬೇಕು, ಏಕೆಂದರೆ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲ. ಬೀದಿಬದಿಯ ಹೂವಿನವರ ಬಳಿಯೂ ಈಗ ಕ್ಯೂಆರ್ ಫಲಕ ತೂಗುತ್ತಿರುತ್ತದೆ, ಆದರೆ ಅತಿಥಿಗಳ ಜರ್ಮನ್ ಕಾರ್ಡಿಗೂ ಅದಕ್ಕೂ ಮಾತುಕತೆಯಿಲ್ಲ. ಆದ್ದರಿಂದ ಬ್ಯಾಂಕಿನಿಂದ ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ತಂದು ಮೂರು ಲಕೋಟೆಗಳಲ್ಲಿ ಇಟ್ಟಿದ್ದೇನೆ. ಹುಡುಗಿಯ ಲಕೋಟೆಯಲ್ಲಿ ಬರೀ ಹತ್ತರ ನೋಟು. ಅವಳೇ ಕೊಟ್ಟು, ಅವಳೇ ಚಿಲ್ಲರೆ ಎಣಿಸಿಕೊಳ್ಳಲಿ.

ಊಟದ ನಂತರ ಕಣ್ಣು ಎಳೆಯುವ ಹೊತ್ತಿನಲ್ಲಿ, ಕೂತು ನೋಡುವ ಖರೀದಿ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಎಂ.ಜಿ. ರಸ್ತೆ. ಅಲ್ಲಿಯ ಕಾವೇರಿ ಎಂಬ ಸರ್ಕಾರಿ ಕರಕುಶಲ ಮಳಿಗೆಯಲ್ಲಿ ಬೆಲೆ ನಿಗದಿಯಾಗಿರುತ್ತದೆ, ರಸೀದಿ ಸಿಗುತ್ತದೆ, ಸ್ನೇಹಿತೆಯ ಗಂಡನ ಮರ್ಯಾದೆಯೂ ಉಳಿಯುತ್ತದೆ. ಬೀಟೆ ಮರದ ಮೇಲೆ ಕೆತ್ತಿ ಕೂರಿಸಿದ ಮೈಸೂರಿನ ಚಿತ್ರಗಳತ್ತ ಅವನ ಕಣ್ಣು ಹೋಗುವುದು ಖಂಡಿತ. ಆ ಮರದ ಅಂತರರಾಷ್ಟ್ರೀಯ ಸಾಗಣೆಗೆ ನಿರ್ಬಂಧಗಳಿರುವುದರಿಂದ ಸಣ್ಣದನ್ನು ಆರಿಸಿ, ರಸೀದಿಯನ್ನು ಜೋಪಾನವಾಗಿಡಲು ಹೇಳಬೇಕು. ನನ್ನ ಆಯ್ಕೆ ಬೀದರಿನ ಒಂದು ಪುಟ್ಟ ಬಟ್ಟಲು. ಸತು ಮತ್ತು ತಾಮ್ರದ ಎರಕದ ಮೇಲೆ ಬೆಳ್ಳಿಯ ಎಳೆಗಳನ್ನು ಬಡಿದು ಕೂರಿಸಿ, ಬೀದರ್ ಕೋಟೆಯ ಹಳೆಯ ಮಣ್ಣನ್ನು ಸೇರಿಸಿದ ದ್ರಾವಣದಲ್ಲಿ ಅದ್ದಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ ಎಂಬುದನ್ನು ಕೇಳಿದರೆ, ರಸಾಯನಶಾಸ್ತ್ರ ಕಲಿಸುವ ಸ್ನೇಹಿತೆ ಬೇರೆ ಏನನ್ನೂ ನೋಡಲಿಕ್ಕಿಲ್ಲ. ಹುಡುಗಿಗೆ ಚನ್ನಪಟ್ಟಣದ ಬುಗುರಿ. ಗೊಂಬೆಯ ವಯಸ್ಸು ದಾಟಿದೆ, ಬುಗುರಿಗೆ ವಯಸ್ಸಿಲ್ಲ.

ಮೈಸೂರು ರೇಷ್ಮೆ ಸೀರೆಯನ್ನು ಕೊಳ್ಳಿಸುವ ಉತ್ಸಾಹವನ್ನು ತಡೆದುಕೊಂಡಿದ್ದೇನೆ. ಉಟ್ಟುಕೊಳ್ಳದ ಸೀರೆ ಹ್ಯಾಂಬರ್ಗಿನ ಬೀರುವಿನಲ್ಲಿ ಮಡಿಕೆ ಬಿದ್ದು ಹರಿಯುವುದಕ್ಕಿಂತ, ದಿನವೂ ಕೈಗೆ ಸಿಗುವ ಲೋಟವೇ ಮೇಲು ಎಂದು ನನಗೆ ಅನ್ನಿಸುತ್ತದೆ. ಆ ಲೋಟಗಳಿಗೇ ನಾನು ಕೊನೆಯ ಅರ್ಧ ಗಂಟೆಯನ್ನು ಮೀಸಲಿಟ್ಟಿರುವುದು. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆದುಕೊಡುವ ಪದ್ಧತಿ ಇನ್ನೂ ಇದೆ. ನಮ್ಮಜ್ಜಿಯ ಕೊಳಗದ ಮೇಲೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರಗಳಿವೆ, ಈಗ ಗುರ್ರೆನ್ನುವ ವಿದ್ಯುತ್ ಸೂಜಿಯಲ್ಲಿ ಅದೇ ಕೆಲಸ ಎರಡು ನಿಮಿಷಕ್ಕೆ ಮುಗಿಯುತ್ತದೆ. ಬೆಳಿಗ್ಗೆ ಕೊಟ್ಟು, ಸಂಜೆ ಹಿಂದಿರುಗುವಾಗ ತೆಗೆದುಕೊಳ್ಳುವುದೆಂದು ಅಂಗಡಿಯವರಿಗೆ ಹೇಳಿಯಾಗಿದೆ. ಮೂರು ಲೋಟ, ಮೂರು ಬಟ್ಟಲು, ಮೂರು ಹೆಸರು, ಎಲ್ಲವೂ ಕನ್ನಡದಲ್ಲಿ.

ತಂದೆ-ತಾಯಿಯ ಹೆಸರುಗಳು ಸಲೀಸು. ಹುಡುಗಿಯ ಹೆಸರಿನಲ್ಲಿ ಮಾತ್ರ, ತುಟಿಯನ್ನು 'ಊ' ಎನ್ನುವಂತೆ ಉರುಟಾಗಿಸಿ ಬಾಯೊಳಗೆ 'ಈ' ಎನ್ನಬೇಕಾದ ಒಂದು ಜರ್ಮನ್ ಸ್ವರವಿದೆ, ಅದಕ್ಕೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. 'ಯೂ' ಎಂದು ಬರೆದರೆ ಒಂದು ಹೆಸರಾಗುತ್ತದೆ, 'ಈ' ಎಂದು ಬರೆದರೆ ಇನ್ನೊಂದು. ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದು ಫೋಟೊ ತೆಗೆದು ಅವಳಿಗೇ ಕಳಿಸಿದ್ದೇನೆ. ಓದಲು ಬಾರದ ಲಿಪಿಯಾದ್ದರಿಂದ ಯಾವುದು ಚೆನ್ನಾಗಿ ಕಾಣುತ್ತದೋ ಅದನ್ನೇ ಆರಿಸುತ್ತೇನೆಂದು ಉತ್ತರ ಬಂದಿದೆ, ಮಂಗಳವಾರದವರೆಗೆ ಸಮಯ ಬೇಕಂತೆ.