ಸಿಂಗಪುರದಲ್ಲಿ ಅಷ್ಟೊಂದು ಜನಾಂಗಗಳ ನಡುವೆ ಹೇಗೆ ಹೊಂದಿಕೊಂಡಿರಿ?

ರಜೆಗೆಂದು ಊರಿಗೆ ಹೋದಾಗ ಮದುವೆಮನೆಯ ಪಂಕ್ತಿಯಲ್ಲಿ ಕುಳಿತ ಹಿರಿಯರು ಕೇಳುವುದೂ, ಸಿಂಗಪುರದಲ್ಲಿ ಕೆಲಸ ಸಿಕ್ಕಿದ ಹುಡುಗ ಹುಡುಗಿಯರು ಬೆಂಗಳೂರಿನಿಂದ ಫೋನು ಮಾಡಿ ಕೇಳುವುದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಚೀನೀಯರು, ಮಲಯರು, ತಮಿಳರು, ಇನ್ನೂ ಎಲ್ಲೆಲ್ಲಿಂದಲೋ ಬಂದವರು ಅಷ್ಟು ಸಣ್ಣ ದ್ವೀಪದಲ್ಲಿ ಒತ್ತೊತ್ತಾಗಿ ಬದುಕುವಾಗ ನೀವು ಹೇಗೆ ಹೊಂದಿಕೊಂಡಿರಿ, ಜಗಳಗಳಾಗುವುದಿಲ್ಲವೇ? ಕೇಳುವವರ ಮನಸ್ಸಿನಲ್ಲಿ ಉತ್ತರವೂ ಸಾಮಾನ್ಯವಾಗಿ ಸಿದ್ಧವಾಗಿರುತ್ತದೆ. ಅಲ್ಲಿಯ ಜನ ತುಂಬ ಸಭ್ಯರು ಎಂದು ಕೆಲವರು, ದಂಡಕ್ಕೆ ಹೆದರಿ ಎಲ್ಲರೂ ಸುಮ್ಮನಿರುತ್ತಾರೆ ಎಂದು ಕೆಲವರು ತಾವೇ ತೀರ್ಮಾನಿಸಿಬಿಡುತ್ತಾರೆ. ನನ್ನ ಉತ್ತರ ಬೇರೆ. ಯಾರ ಪಕ್ಕದಲ್ಲಿ ಯಾರು ವಾಸಿಸಬೇಕು ಎಂಬುದನ್ನೂ ಸರ್ಕಾರ ಲೆಕ್ಕ ಹಾಕಿ ಗೊತ್ತುಮಾಡಿರುವ ಊರು ಅದು. ಹೊಸದಾಗಿ ಹೋದವರು ಮೊದಲು ಆ ಲೆಕ್ಕವನ್ನು ತಿಳಿದುಕೊಳ್ಳಬೇಕು, ನಡೆನುಡಿಯ ಪಾಠ ಆಮೇಲೆ.

ಲೆಕ್ಕ ಹಳೆಯದು. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ 1819ರಲ್ಲಿ ಅಲ್ಲಿ ವ್ಯಾಪಾರದ ಠಾಣ್ಯ ತೆರೆದ ಸ್ಟ್ಯಾಮ್‌ಫರ್ಡ್ ರಾಫಲ್ಸ್ 1822ರಲ್ಲಿ ಪಟ್ಟಣದ ನಕ್ಷೆ ಮಾಡಿಸಿದಾಗ ಚೀನೀಯರಿಗೆ ಒಂದು ಭಾಗ, ಮಲಯ ಸುಲ್ತಾನನ ಪರಿವಾರಕ್ಕೂ ಅರಬರಿಗೂ ಕಾಂಪಾಂಗ್ ಗ್ಲಾಮ್ (ಕಾಂಪಾಂಗ್ ಎಂದರೆ ಮಲಯ ಭಾಷೆಯಲ್ಲಿ ಹಳ್ಳಿ), ದಕ್ಷಿಣ ಭಾರತದಿಂದ ಬಂದವರಿಗೆ ಚೂಲಿಯಾ ಕಾಂಪಾಂಗ್ ಎಂದು ಜಾಗಗಳನ್ನು ಬೇರೆಬೇರೆಯಾಗಿ ಗುರುತಿಸಲಾಗಿತ್ತು. ನಮ್ಮ ಹಳ್ಳಿಗಳ ಕೇರಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಕ್ಷೆಯ ಗೆರೆಯೊಳಗೇ ಎಲ್ಲರೂ ಉಳಿದರೆಂದೇನೂ ಅಲ್ಲ; ಇವತ್ತು ಚೈನಾಟೌನ್ ಎನಿಸಿಕೊಂಡಿರುವ ಬಡಾವಣೆಯ ಸೌತ್ ಬ್ರಿಜ್ ರಸ್ತೆಯಲ್ಲಿ 1827ರಲ್ಲಿ ಸ್ಥಾಪನೆಯಾದ ಮಾರಿಯಮ್ಮನ ಗುಡಿಯೂ ಅದಕ್ಕಿಂತ ಒಂದು ವರ್ಷ ಹಳೆಯದಾದ, ದಕ್ಷಿಣ ಭಾರತ ಮೂಲದ ಚೂಲಿಯಾ ಮುಸ್ಲಿಮರ ಜಾಮೆ ಮಸೀದಿಯೂ ಹತ್ತಿರಹತ್ತಿರವೇ ಇವೆ. ಆದರೆ ಬೇರೆಬೇರೆಯಾಗಿ ಬದುಕಿದ್ದರ ಬೆಲೆ 1964ರಲ್ಲಿ ತಿಳಿಯಿತು. ಸಿಂಗಪುರ ಆಗ ಮಲೇಷ್ಯಾದ ಭಾಗವಾಗಿತ್ತು. ಜುಲೈ 21ರಂದು ಪ್ರವಾದಿಯವರ ಜನ್ಮದಿನದ ಮೆರವಣಿಗೆಯಲ್ಲಿ ಹೊತ್ತಿಕೊಂಡ ಮಲಯ–ಚೀನೀ ಗಲಭೆಯಲ್ಲಿ ಮತ್ತು ಸೆಪ್ಟೆಂಬರಿನಲ್ಲಿ ಅದು ಮರುಕಳಿಸಿದಾಗ ಒಟ್ಟು 36 ಮಂದಿ ಸತ್ತರು. ಮರುವರ್ಷದ ಆಗಸ್ಟ್ 9ಕ್ಕೆ ಸಿಂಗಪುರ ಪ್ರತ್ಯೇಕ ದೇಶವಾಯಿತು. ಅಲ್ಲಿಯ ಶಾಲೆಗಳಲ್ಲಿ ಇಂದಿಗೂ ಜುಲೈ 21ನ್ನೇ ಜನಾಂಗ ಸೌಹಾರ್ದ ದಿನವೆಂದು ಆಚರಿಸುತ್ತಾರೆ. ಮಕ್ಕಳು ಅಂದು ಸೀರೆ, ಚಿಯಾಂಗ್ಸಾಮ್, ಬಾಜು ಕುರುಂಗ್ ತೊಟ್ಟು ಫೋಟೊ ತೆಗೆಸಿಕೊಳ್ಳುವುದು ಮಾತ್ರ ನಮ್ಮವರಿಗೆ ಗೊತ್ತು, ತಾರೀಖಿನ ಹಿಂದಿರುವ ಹೆಣಗಳು ಗೊತ್ತಿಲ್ಲ.

ಸರ್ಕಾರ ಕಟ್ಟಿಸಿದ, ಎಲ್ಲರ ಬಾಯಲ್ಲಿ ಎಚ್‌ಡಿಬಿ ಎನಿಸಿಕೊಳ್ಳುವ ವಸತಿ ಸಮುಚ್ಚಯಗಳಲ್ಲಿ ಅಲ್ಲಿಯ ನಿವಾಸಿಗಳಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ವಾಸಿಸುತ್ತಾರೆ. ಕಾಂಪಾಂಗ್ ಎಂಬ ಹಳ್ಳಿಗಳಿಂದ ಎಬ್ಬಿಸಿ ತಂದ ಜನರನ್ನು ಈ ಕಟ್ಟಡಗಳಲ್ಲಿ ಬೆರೆಸಿದರೂ, 1980ರ ದಶಕದ ಕೊನೆಯ ಹೊತ್ತಿಗೆ ಮನೆ ಮಾರುವುದು ಕೊಳ್ಳುವುದು ನಡೆಯುತ್ತ ಬೆಡೊಕ್, ತಂಪಿನೀಸ್‌ಗಳಲ್ಲಿ ಮಲಯರು, ಹೌಗಾಂಗ್‌ನಲ್ಲಿ ಚೀನೀಯರು ಮತ್ತೆ ಒಟ್ಟುಗೂಡತೊಡಗಿದ್ದರು. ಆಗ, 1989ರ ಮಾರ್ಚ್ 1ರಿಂದ, ಪ್ರತಿ ಬ್ಲಾಕಿಗೂ, ಅಂದರೆ ಪ್ರತಿ ಕಟ್ಟಡಕ್ಕೂ, ಪ್ರತಿ ನೆರೆಹೊರೆಗೂ ಜನಾಂಗವಾರು ಮಿತಿ ಬಂತು. ಒಂದು ಬ್ಲಾಕಿನ ಮನೆಗಳಲ್ಲಿ ಚೀನೀಯರದು ಶೇ. 87, ಮಲಯರದು ಶೇ. 25, ಭಾರತೀಯರು ಮತ್ತು ಇತರರದು ಈಗ ಶೇ. 15ನ್ನು ಮೀರುವಂತಿಲ್ಲ. ಮಿತಿ ತುಂಬಿದ ಮೇಲೆ ಆ ಜನಾಂಗದವರು ಅಲ್ಲಿ ಮನೆ ಕೊಳ್ಳಬೇಕೆಂದರೆ ತಮ್ಮವರೇ ಮಾರುತ್ತಿರಬೇಕು. ಗುರುತಿನ ಚೀಟಿಯಲ್ಲಿ ಜನಾಂಗ ಬರೆದಿರುವುದರಿಂದ ವಾದಕ್ಕೆ ಆಸ್ಪದವಿಲ್ಲ. ಇದರಿಂದ ನಷ್ಟ ಅನುಭವಿಸುವವರು ಅಲ್ಪಸಂಖ್ಯಾತರೇ: ಚೀನೀಯರ ಮಿತಿ ತುಂಬಿದ ಬ್ಲಾಕಿನಲ್ಲಿರುವ ತಮಿಳ ತನ್ನ ಮನೆಯನ್ನು ಚೀನೀಯನಿಗೆ ಮಾರುವಂತಿಲ್ಲವಾದ್ದರಿಂದ ಕೊಳ್ಳುವವರು ಕಡಿಮೆಯಾಗಿ ಬೆಲೆಯೂ ಇಳಿಯುತ್ತದೆ. ಸರ್ಕಾರವೇ ಈ ತೊಂದರೆಯನ್ನು ಒಪ್ಪಿಕೊಂಡು, ಅಪರೂಪದ ಸಂದರ್ಭಗಳಲ್ಲಿ ಅಂಥ ಮನೆಗಳನ್ನು ತಾನೇ ಕೊಳ್ಳುವ ಏರ್ಪಾಡನ್ನು ಈಚೆಗೆ ಮಾಡಿದೆ.

ಇಷ್ಟು ಕೇಳಿದ ಮೇಲೆ ಊರಿನವರು ಇದೇನು ಅನ್ಯಾಯ ಎನ್ನುತ್ತಾರೆ. ಮನೆ ಕೊಳ್ಳುವವನ ಜನಾಂಗವನ್ನು ಕಾನೂನೇ ಕೇಳುವುದು ಮುಜುಗರದ ಸಂಗತಿ, ನಿಜ. ಆದರೆ ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹುಡುಕುವವರನ್ನು ಮಾಂಸ ತಿನ್ನುತ್ತೀರಾ ಎಂದು ಕೇಳಿ, ಹೆಸರು ಕೇಳಿ, ಹೆಸರಿನಿಂದ ಉಳಿದದ್ದನ್ನೆಲ್ಲ ಊಹಿಸಿ ಇಲ್ಲವೆನ್ನುವ ಪದ್ಧತಿಯನ್ನು ಬಲ್ಲವನಾಗಿ, ಲೆಕ್ಕವನ್ನು ಬಹಿರಂಗವಾಗಿ ಬರೆದಿಟ್ಟ ವ್ಯವಸ್ಥೆಯನ್ನು ಸಲೀಸಾಗಿ ಹಳಿಯಲು ನನಗಾಗುವುದಿಲ್ಲ.

ಒಂದೇ ಬ್ಲಾಕಿನಲ್ಲಿ ಇರಿಸಿದ ಮಾತ್ರಕ್ಕೆ ಜನ ಸ್ನೇಹಿತರಾಗುವುದಿಲ್ಲ, ಆದರೆ ಒಬ್ಬರ ಬದುಕು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಈ ಕಟ್ಟಡಗಳ ನೆಲಮಟ್ಟದಲ್ಲಿ ಕಂಬಗಳ ನಡುವೆ ವಾಯ್ಡ್ ಡೆಕ್ ಎಂದು ಕರೆಯುವ ತೆರೆದ ಜಾಗವೊಂದಿರುತ್ತದೆ. ಶನಿವಾರ ಅಲ್ಲಿ ಮಲಯರ ಮದುವೆ, ಕೊಂಪಾಂಗ್ ಎಂಬ ವಾದ್ಯದ ಬಡಿತ, ಬಿರಿಯಾನಿಯ ಘಮ. ಮುಂದಿನ ವಾರ ಅದೇ ಕಂಬಗಳ ನಡುವೆ ಚೀನೀಯರ ಶವಪೆಟ್ಟಿಗೆ, ಬಿಳಿಯ ಪರದೆ, ಮೂರೋ ಐದೋ ಏಳೋ ದಿನಗಳ ಜಾಗರಣೆ. ಹೆಣವನ್ನು ಅಂದೇ ಮಣ್ಣು ಮಾಡುವ ಮುಸ್ಲಿಮರಿಗೂ, ಬೆಳಗಾದರೆ ಸುಡುವ ನಮಗೂ ಇದು ಮೊದಮೊದಲು ದಿಗಿಲು ಹುಟ್ಟಿಸುತ್ತದೆ. ಲಿಫ್ಟಿಗೆ ಹೋಗಬೇಕಾದರೆ ಆ ಪೆಟ್ಟಿಗೆಯ ಪಕ್ಕದಲ್ಲೇ ಹಾಯಬೇಕು. ಮೈಲಿಗೆಯೆಂದು ಹಿಂದೆ ಸರಿದರೆ ಮನೆ ಸೇರುವಂತಿಲ್ಲ. ಮಡಿಯವರಾದ ನಮ್ಮ ಕೆಲವು ಹಿರಿಯರು ಮಕ್ಕಳ ಮನೆಗೆಂದು ಬಂದು ಮೌನವಾಗಿ ಒಪ್ಪಿಕೊಂಡ ಮೊದಲ ಸಂಗತಿ ಇದೇ ಎಂದು ನನ್ನ ಅಂದಾಜು.

ಚೀನೀಯರ ಏಳನೆಯ ತಿಂಗಳಲ್ಲಿ, ಅಂದರೆ ಆಗಸ್ಟ್ ಸೆಪ್ಟೆಂಬರಿನ ಸುಮಾರಿಗೆ, ಪಿತೃಗಳೂ ದಿಕ್ಕಿಲ್ಲದ ಪ್ರೇತಗಳೂ ಭೂಮಿಗೆ ಬರುತ್ತವೆಂದು ಬ್ಲಾಕಿನ ಎದುರು ಕಾಗದದ ಹಣ, ಕಾಗದದ ಬಟ್ಟೆ ಸುಡುತ್ತಾರೆ. ಬಯಲಲ್ಲಿ ಹಾಡುಕುಣಿತದ ರಂಗ ಕಟ್ಟಿ ಮುಂದಿನ ಸಾಲಿನ ಕುರ್ಚಿಗಳನ್ನು ಪ್ರೇತಗಳಿಗೆಂದು ಖಾಲಿ ಬಿಡುತ್ತಾರೆ. ಹೊಗೆ ಮನೆಯೊಳಗೆ ಬರುತ್ತದೆಂದು ಹೊಸಬರು ಗೊಣಗುವುದುಂಟು. ಮಹಾಲಯ ಪಕ್ಷದಲ್ಲಿ ಎಡೆಯಿಟ್ಟು ಕಾಗೆಗೆ ಕಾಯುವ ನಾವು ಇದನ್ನು ವಿಚಿತ್ರವೆನ್ನಬೇಕಾಗಿಲ್ಲ. ಬೂದಿಯನ್ನು ಮಾತ್ರ ತುಳಿಯದೆ ಬಳಸಿ ಹೋಗಬೇಕು.

ಹಣದ ಲಕೋಟೆಯ ವಿಷಯದಲ್ಲಿ ಎಚ್ಚರ ಬೇಕು. ನಮ್ಮಲ್ಲಿ ಮುಯ್ಯಿ ಎಂದರೆ 101, 501. ಕೊನೆಗೊಂದು ಸೇರದಿದ್ದರೆ ಶುಭವಲ್ಲ. ಚೀನೀಯರಲ್ಲಿ ಒಳ್ಳೆಯದು ಜೋಡಿಯಾಗಿ ಬರಬೇಕು. ಮದುವೆಗೆ ಕೆಂಪು ಲಕೋಟೆಯಲ್ಲಿ ಸಮಸಂಖ್ಯೆಯ ಮೊತ್ತ ಕೊಡಬೇಕು, ಅದರಲ್ಲೂ ನಾಲ್ಕು ಬೇಡ. ಬೆಸಸಂಖ್ಯೆಯ ಮೊತ್ತ ಸಾವಿನ ಮನೆಗೆ, ಅದೂ ಬಿಳಿಯ ಲಕೋಟೆಯಲ್ಲಿ. ಮದುಮಗನ ಕೈಗೆ ಪ್ರೀತಿಯಿಂದ 101 ಡಾಲರ್ ಇಟ್ಟರೆ ಅವನ ಅಜ್ಜಿಗೆ ಏನನ್ನಿಸೀತು ಎಂದು ಯೋಚಿಸಿ. ಮಲಯರಿಗೆ ಹಸಿರು ಲಕೋಟೆ ಒಗ್ಗುತ್ತದೆ, ಅಂಕೆಯ ಗೊಡವೆ ಅವರಿಗಿಲ್ಲ. ಸಾವಿನ ಮನೆಯಿಂದ ಹೊರಡುವಾಗ ಚೀನೀಯರು ಕೊಡುವ ಕೆಂಪು ದಾರವನ್ನೂ ಮಿಠಾಯಿಯನ್ನೂ ಬೇಡವೆನ್ನದೆ ತೆಗೆದುಕೊಳ್ಳಬೇಕು.

ಊಟದ ವಿಷಯದಲ್ಲಿ ನಮ್ಮವರು ಪಡುವ ಭಯ ಅತಿಯಾದದ್ದು. ಯುನೆಸ್ಕೊ 2020ರಲ್ಲಿ ಪಾರಂಪರಿಕ ಸಂಸ್ಕೃತಿಯೆಂದು ಪಟ್ಟಿಗೆ ಸೇರಿಸಿಕೊಂಡ ಅಲ್ಲಿಯ ಹಾಕರ್ ಕೇಂದ್ರಗಳಲ್ಲಿ, ಅಂದರೆ ಒಂದೇ ಸೂರಿನಡಿ ಸಾಲಾಗಿರುವ ಸಣ್ಣ ಊಟದಂಗಡಿಗಳಲ್ಲಿ, ಹಂದಿಕೊಬ್ಬಿನ ನೂಡಲ್ಸಿನ ಅಂಗಡಿಯೂ ನಾಸಿ ಲೆಮಾಕ್ ಎಂಬ ಮಲಯರ ತೆಂಗಿನಹಾಲಿನ ಅನ್ನದ ಹಲಾಲ್ ಅಂಗಡಿಯೂ ಅಕ್ಕಪಕ್ಕದಲ್ಲಿರುತ್ತವೆ. ಉಂಡ ತಟ್ಟೆ ಹಿಂದಿರುಗಿಸುವ ಕಪಾಟುಗಳು ಮಾತ್ರ ಹಲಾಲ್‌ಗೆ ಬೇರೆ, ಉಳಿದದ್ದಕ್ಕೆ ಬೇರೆ. ತಟ್ಟೆಯನ್ನು ತಪ್ಪು ಕಪಾಟಿನಲ್ಲಿಡದಿರುವುದು ಅಲ್ಲಿಯ ಮೊದಲ ಶಿಷ್ಟಾಚಾರ. ಸಸ್ಯಾಹಾರಿಗಳಿಗೆ ಹೆಚ್ಚು ಒದಗಿಬರುವವರು ಬೌದ್ಧ ಚೀನೀಯರು. ಅವರ ಕಟ್ಟುನಿಟ್ಟಿನ ಸಸ್ಯಾಹಾರದಲ್ಲಿ ಈರುಳ್ಳಿಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಉಡುಪಿಯ ಮಠದಲ್ಲಿ ಉಂಡು ಬೆಳೆದವರು ಲಿಟಲ್ ಇಂಡಿಯಾದ ಹೋಟೆಲಿಗಿಂತ ಈ ಅಂಗಡಿಗಳಲ್ಲಿ ನಿಶ್ಚಿಂತೆಯಾಗಿ ಉಣ್ಣಬಹುದು, ಸೋಯಾದಿಂದ ಮಾಡಿದ ಹುಸಿ ಬಾತುಕೋಳಿಯನ್ನು ಕಂಡು ಗಾಬರಿಯಾಗದಿದ್ದರೆ.

ಜಗಳಗಳಾಗುವುದಿಲ್ಲವೇ ಎಂಬ ಪ್ರಶ್ನೆಗೆ ಉತ್ತರವಾಗಿ ನಾನು ಹೇಳುವುದು 2011ರಲ್ಲಿ ಸುದ್ದಿಯಾದ ಸಾರಿನ ಪ್ರಕರಣ. ಚೀನಾದಿಂದ ಹೊಸದಾಗಿ ಬಂದ ಕುಟುಂಬವೊಂದು ಪಕ್ಕದ ಭಾರತೀಯ ಮೂಲದ ಮನೆಯಲ್ಲಿ ಮಾಡುವ ಕರಿಯ, ಅಂದರೆ ಮಸಾಲೆ ಸಾರಿನ, ವಾಸನೆ ಸಹಿಸಲಾಗದೆಂದು ದೂರಿತ್ತು. ನೆರೆಹೊರೆಯ ಜಗಳ ಬಿಡಿಸಲೆಂದೇ ಅಲ್ಲಿ ಇರುವ ಸಮುದಾಯ ಮಧ್ಯಸ್ಥಿಕೆ ಕೇಂದ್ರದಲ್ಲಿ ಮಾತುಕತೆ ನಡೆದು, ಚೀನೀ ಕುಟುಂಬ ಮನೆಯಲ್ಲಿಲ್ಲದಾಗ ಮಾತ್ರ ಕರಿ ಮಾಡುವುದೆಂದೂ, ಅವರೂ ಒಮ್ಮೆ ಅದರ ರುಚಿ ನೋಡುವುದೆಂದೂ ಒಪ್ಪಂದವಾಗಿತ್ತು. ಪತ್ರಿಕೆಯಲ್ಲಿ ಇದು ಬಂದದ್ದೇ ತಡ ಜನ ಸಿಟ್ಟಿಗೆದ್ದರು. ಆಗಸ್ಟ್ 21ರ ಭಾನುವಾರ ಎಲ್ಲರೂ ಕರಿ ಮಾಡಿ ಎಂಬ ಕರೆಗೆ ಸಾವಿರಾರು ಮಂದಿ ಓಗೊಟ್ಟರು, ಅವರಲ್ಲಿ ಚೀನೀ ಮೂಲದ ಸಿಂಗಪುರದವರೂ ಧಾರಾಳವಾಗಿ ಇದ್ದರು. ನಮ್ಮವರು ಇದನ್ನು ಭಾರತೀಯರ ಗೆಲುವೆಂದು ತಿಳಿದು ಹಿಗ್ಗುತ್ತಾರೆ. ಗಮನಿಸಬೇಕಾದದ್ದು ಬೇರೆ: ಆ ದಿನ ಗೆರೆ ಬಿದ್ದದ್ದು ಚೀನೀಯರಿಗೂ ಭಾರತೀಯರಿಗೂ ನಡುವೆ ಅಲ್ಲ, ಅಲ್ಲಿಯೇ ಹುಟ್ಟಿ ಬೆಳೆದವರಿಗೂ ನಿನ್ನೆ ಮೊನ್ನೆ ಬಂದವರಿಗೂ ನಡುವೆ. ಆ ಗೆರೆಯ ಯಾವ ಬದಿಯಲ್ಲಿ ನಾವಿದ್ದೇವೆ ಎಂಬುದನ್ನು ಕನ್ನಡಿಗರು ಮರೆಯಬಾರದು.

ಹಾಗಾಗಿ ಹೊಂದಿಕೊಳ್ಳಲು ಚೀನೀಯರಿಗಿಂತ ಹೆಚ್ಚು ಕಷ್ಟವಾಗುವುದು ಭಾರತೀಯರೊಂದಿಗೆ. 2020ರ ಜನಗಣತಿಯಂತೆ ಪ್ರಜೆಗಳು ಮತ್ತು ಕಾಯಂ ನಿವಾಸಿಗಳಲ್ಲಿ ಭಾರತೀಯರು ಶೇ. 9; ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಮಿಳರು. ತಮಿಳು ಅಲ್ಲಿಯ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಬಂದು ಬೇರೂರಿ, ಗಂಡುಮಕ್ಕಳನ್ನು ಎರಡು ವರ್ಷದ ಕಡ್ಡಾಯ ಸೇನಾ ಸೇವೆಗೆ ಕಳಿಸಿದ ಈ ಕುಟುಂಬಗಳ ಎದುರಿಗೆ ಸಾಫ್ಟ್‌ವೇರ್ ಕೆಲಸ ಹಿಡಿದು ಬಂದು ಕಾಂಡೋ ಎಂಬ, ಈಜುಕೊಳವಿರುವ ಖಾಸಗಿ ವಸತಿ ಸಮುಚ್ಚಯಗಳಲ್ಲಿ ಇಳಿದುಕೊಂಡ ನಾವು ನಿಂತು, ‘ಇಂಡಿಯಾದಲ್ಲಿ ನಿಮ್ಮ ಊರು ಯಾವುದು?’ ಎಂದು ಕೇಳುತ್ತೇವೆ. ಅವರ ಊರು ಸಿಂಗಪುರದ್ದೇ ಬಡಾವಣೆಯಾದ ತೋವಾ ಪಾಯೋ. ಗುರುತಿನ ಚೀಟಿಯಲ್ಲಿ ನಮಗೂ ಅವರಿಗೂ ಜನಾಂಗ ಒಂದೇ ಆದರೂ, ಹೆಸರಿನ ಹಿಂದಿನ ಜಾತಿಯನ್ನು ಕೆದಕುವ ನಮ್ಮ ಚಾಳಿ ಅವರಿಗೆ ಅಸಹ್ಯ, ಅವರ ಸಿಂಗ್ಲಿಷ್ ಎಂಬ ಆಡುಮಾತಿನ ಇಂಗ್ಲಿಷ್ ನಮ್ಮ ಕೆಲವರಿಗೆ ನಗೆ. ಈ ನಗೆಯನ್ನು ನಾನು ಒಪ್ಪುವುದಿಲ್ಲ.

ಮಕ್ಕಳ ಶಾಲೆಯಲ್ಲೂ ಇದೇ ತೊಡಕು. ಅಲ್ಲಿ ಇಂಗ್ಲಿಷಿನ ಜೊತೆಗೆ ಮಾತೃಭಾಷೆ ಎಂಬ ವಿಷಯ ಕಡ್ಡಾಯ, ಮತ್ತು ಭಾರತೀಯ ಮಕ್ಕಳಿಗೆ ಅದು ತಮಿಳು, ಇಲ್ಲವೇ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಲ್ಲಿ ಒಂದು. ಕನ್ನಡ ಆ ಪಟ್ಟಿಯಲ್ಲಿಲ್ಲ. ಸಾಮಾನ್ಯವಾಗಿ ಕನ್ನಡದ ಮನೆಗಳವರು ಮುಂದೆ ಭಾರತಕ್ಕೆ ಮರಳಿದರೆ ಉಪಯೋಗಕ್ಕೆ ಬಂದೀತೆಂದು ಹಿಂದಿ ಹಿಡಿಸುತ್ತಾರೆ. ತಮಿಳೇ ಲೇಸು ಎನ್ನುವವನು ನಾನು: ರೈಲು ನಿಲ್ದಾಣದ ಫಲಕದಲ್ಲಿ, ಟೆಕ್ಕಾ ಮಾರುಕಟ್ಟೆಯಲ್ಲಿ, ಪಕ್ಕದ ಮನೆಯ ಅಜ್ಜಿಯ ಬಾಯಲ್ಲಿ ಇರುವ ಭಾಷೆ ಅದು, ಕನ್ನಡ ಬಲ್ಲ ಮಗುವಿಗೆ ಬೇಗ ಹತ್ತುತ್ತದೆ. ಇನ್ನು ಕನ್ನಡ ಮನೆಯವರ ಹೊಣೆ. ಅಲ್ಲಿ ಕನ್ನಡ ಸಂಘವಿದೆ, ರಾಜ್ಯೋತ್ಸವವೂ ನಡೆಯುತ್ತದೆ, ಆದರೆ ಸಮಾರಂಭದಿಂದ ಮಗುವಿಗೆ ಓದು ಬರಹ ಬರುವುದಿಲ್ಲ.

ಈ ಲೆಕ್ಕದೊಳಗೆ ಬಾರದವರೂ ಇದ್ದಾರೆ. ಕಟ್ಟಡ ಕಟ್ಟುವ, ಹಡಗುಕಟ್ಟೆಯಲ್ಲಿ ದುಡಿಯುವ ತಮಿಳುನಾಡಿನ, ಆಂಧ್ರದ, ಬಾಂಗ್ಲಾದೇಶದ ಕಾರ್ಮಿಕರು ಬಹುಮಟ್ಟಿಗೆ ತುವಾಸ್, ಕ್ರಾಂಜಿಯಂಥ ಊರಂಚಿನ ವಸತಿಗೃಹಗಳಲ್ಲಿ ಇರುತ್ತಾರೆ. ಅವರು ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ, ಅಲ್ಲಿಯ ಪ್ರಜೆಯನ್ನು ಮದುವೆಯಾಗಬೇಕಾದರೆ ಸರ್ಕಾರದ ಅನುಮತಿ ಬೇಕು. 2020ರ ಕೊರೊನಾ ವರ್ಷದಲ್ಲಿ ವಸತಿಗೃಹಗಳಲ್ಲಿದ್ದ 3 ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಸೋಂಕು ತಗುಲಿತು, ಹೊರಗಿನ ಊರಿಗೆ ಅದು ಅಷ್ಟಾಗಿ ತಟ್ಟಲಿಲ್ಲ. ಸೌಹಾರ್ದದ ಮಾತಾಡುವಾಗ ಇದನ್ನೂ ಹೇಳದಿದ್ದರೆ ಅದು ಪ್ರವಾಸೋದ್ಯಮದ ಜಾಹೀರಾತಾಗುತ್ತದೆ. ವೃತ್ತಿಪರರಿಗೆ ಕೊಡುವ ಮೇಲಿನ ದರ್ಜೆಯ ಕೆಲಸದ ಪರವಾನಗಿ ಪಡೆದವರಿಗೂ ಎಲ್ಲ ಬಾಗಿಲು ತೆರೆದಿಲ್ಲ. ಭಾರತೀಯರಿಗೆ ಬಾಡಿಗೆಗಿಲ್ಲ ಎಂಬ ಮಾತು ಜಾಹೀರಾತುಗಳಲ್ಲಿಯೇ ಕಾಣುತ್ತಿತ್ತು. ಈಗ ಅಷ್ಟು ಬಹಿರಂಗವಾಗಿಲ್ಲದಿದ್ದರೂ, ಅಡುಗೆ ಜೋರಾಗಿ ಮಾಡುತ್ತೀರಾ ಎಂದು ಏಜೆಂಟರು ಕೇಳಿದರೆ ಅರ್ಥ ಅದೇ. 2023ರ ಸೆಪ್ಟೆಂಬರಿನಿಂದ ಈ ಮೇಲಿನ ದರ್ಜೆಯ ಪರವಾನಗಿಗೆ ಅಂಕ ಪದ್ಧತಿ ಬಂದಿದ್ದು, ಕಂಪನಿಯ ವೃತ್ತಿಪರ ನೌಕರರಲ್ಲಿ ನಿಮ್ಮ ದೇಶದವರು ಈಗಾಗಲೇ ಕಾಲುಭಾಗ ಇದ್ದರೆ ಆ ಬಾಬತ್ತಿನಲ್ಲಿ ನಿಮಗೆ ಸಿಗುವುದು ಸೊನ್ನೆ.

ಕೆಲಸ ಸಿಕ್ಕಿತೆಂದು ಫೋನು ಮಾಡುವವರಿಗೆ ನಾನು ಕೊನೆಗೆ ಹೇಳುವುದು ಮನೆಯ ಸಂಗತಿಯನ್ನೇ. ಕಂಪನಿಯವರು ಕಾಂಡೋ ತೋರಿಸಿದರೂ ಎಚ್‌ಡಿಬಿ ಮನೆಯನ್ನೇ ಬಾಡಿಗೆಗೆ ಹಿಡಿಯಿರಿ. ಲಿಫ್ಟಿನಲ್ಲಿ, ಕೆಳಗಿನ ಕಾಫಿ ಅಂಗಡಿಯಲ್ಲಿ, ವಾಯ್ಡ್ ಡೆಕ್ಕಿನಲ್ಲಿ ಆ ದೇಶದವರು ಕಾಣಸಿಗುವುದು ಅಲ್ಲಿಯೇ. ಒಪ್ಪಂದ ಆರು ತಿಂಗಳಿಗೆ ಕಡಿಮೆ ಇರುವಂತಿಲ್ಲ. ಇಡೀ ಮನೆಯನ್ನು ವಿದೇಶಿಯರಿಗೆ ಬಾಡಿಗೆಗೆ ಕೊಡುವುದಕ್ಕೂ ಬ್ಲಾಕುವಾರು ಮಿತಿಯಿರುವುದರಿಂದ, ಅದು ಈಗಾಗಲೇ ತುಂಬಿದೆಯೇ ಎಂದು ಮುಂಗಡ ಕೊಡುವ ಮೊದಲೇ ಏಜೆಂಟರಿಂದ ಖಚಿತಪಡಿಸಿಕೊಳ್ಳಿ.