ಬಿರಾನ್ ಮಹಲಿನ ಬೋಳು ಗೋಡೆಗಳು

ಪ್ಯಾರಿಸ್ಸಿನ ಐಫೆಲ್ ಗೋಪುರ, ಲೂವ್ರ್ ಇತ್ಯಾದಿಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನನ್ನು ತಡೆದು ನಿಲ್ಲಿಸಿದ್ದು ವರೆನ್ ಬೀದಿಯ ಬಿರಾನ್ ಮಹಲು. ಈಗ ಅದು ಶಿಲ್ಪಿ ರೋಡಿನ್ ಹೆಸರಿನ ವಸ್ತುಸಂಗ್ರಹಾಲಯ. ಎಲ್ಲರೂ ಶಿಲ್ಪಗಳ ಸುತ್ತ ಮುಗಿಬಿದ್ದಿದ್ದರೆ ನಾನು ಗೋಡೆಗಳನ್ನೇ ನೋಡುತ್ತಿದ್ದೆ.

ಇದನ್ನು ಕಟ್ಟಿಸಿದ ಅಬ್ರಹಾಂ ಪೆರೆಂಕ್ ದ ಮೊರಾಸ್ ವಿಗ್ ತಯಾರಿಸುವವನ ಮಗ. 1720ರ ಸುಮಾರಿಗೆ ಜಾನ್ ಲಾ ಎಂಬ ಹಣಕಾಸುಗಾರ ಎಬ್ಬಿಸಿದ ಷೇರು ಹುಚ್ಚಿನಲ್ಲಿ ಊರೆಲ್ಲ ಮುಳುಗಿದಾಗ ಇವನು ತೇಲಿ ಸಾಹುಕಾರನಾದ. ವಾಸ್ತುಶಿಲ್ಪಿ ಝಾನ್ ಓಬೆರ್, ಪ್ಯಾರಿಸ್ಸಿನ ಹತ್ತಿರದ ಶಾಂತಿಯಿ ಎಂಬ ಊರಿನಲ್ಲಿ ಕುದುರೆಗಳಿಗೆ ಅರಮನೆಯಂಥ ಲಾಯ ಕಟ್ಟಿದವನು. ಬೀದಿಯ ಕಡೆಗೆ ಅಂಗಳ, ಹಿಂದೆ ತೋಟ, ನಡುವೆ ಮನೆ: ಆ ಕಾಲದ ಸಿರಿವಂತರ ಮಹಲುಗಳ ವಿನ್ಯಾಸ ಹೀಗೆಯೇ. ಆದರೆ ಇದು ಅಕ್ಕಪಕ್ಕದ ಮನೆಗಳಿಗೆ ಅಂಟಿಕೊಳ್ಳದೆ ನಿಂತಿರುವುದರಿಂದ ನಾಲ್ಕೂ ಕಡೆಯಿಂದ ಬೆಳಕು ಬರುತ್ತದೆ. ಮನೆ ಮುಗಿಯುತ್ತಿದ್ದಂತೆ, 1732ರಲ್ಲಿ, ಯಜಮಾನನೂ ತೀರಿಕೊಂಡ. 1753ರಲ್ಲಿ ಕೊಂಡುಕೊಂಡ ಸೇನಾಧಿಪತಿ ಬಿರಾನ್‌ನ ಹೆಸರು ಮಹಲಿಗೆ ಉಳಿಯಿತು.

ತೋಟದ ಕಡೆಯ ಕೋಣೆಗಳಲ್ಲಿ ನೆಲದ ಮರದ ಹಲಗೆಗಳು ಕಾಲಿಟ್ಟಲ್ಲೆಲ್ಲ ಕಿರುಗುಟ್ಟುತ್ತವೆ. ಒಂದೆಡೆ ಚಿಪ್ಪು, ಬಳ್ಳಿಗಳನ್ನು ಕೆತ್ತಿದ ಹಲಗೆಯ ಹೊದಿಕೆ. ಇನ್ನೊಂದೆಡೆ ಬರೀ ಬಣ್ಣ ಬಳಿದ ಗೋಡೆ. 1820ರಲ್ಲಿ ಇಲ್ಲಿ ಹುಡುಗಿಯರ ಶಾಲೆ ತೆರೆದ ಸನ್ಯಾಸಿನಿಯರು ಕೆತ್ತನೆ, ಕನ್ನಡಿ, ಚಿತ್ರಗಳನ್ನೆಲ್ಲ ಆಡಂಬರವೆಂದು ತೆಗೆಸಿಹಾಕಿದರಂತೆ. ಅವುಗಳಲ್ಲಿ ಕೆಲವು ಮಾತ್ರ ಆಮೇಲೆ ಹಿಂದಿರುಗಿವೆ. ನನಗೆ ಹೊಟ್ಟೆ ಉರಿಯಿತು.

“ಅವರನ್ನು ಬಯ್ಯಬೇಡಿ ಚಿಕ್ಕಮ್ಮ,” ಎಂದಳು ಪ್ಯಾರಿಸ್ಸಿನಲ್ಲೇ ಓದುತ್ತಿರುವ ನನ್ನ ಅಕ್ಕನ ಮಗಳು. “ಮನೆ ಹಾಗೇ ಝಗಝಗಿಸುತ್ತಿದ್ದರೆ ಯಾವನೋ ಧನಿಕ ಕೊಂಡುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದ.”

“ಅದಕ್ಕೆ ಕಿತ್ತುಹಾಕಬೇಕಿತ್ತೇ?”

“1904ರಲ್ಲಿ ಶಾಲೆ ಮುಚ್ಚಿತು. ಹಾಳು ಬಿದ್ದ ಮನೆ, ಅಗ್ಗದ ಬಾಡಿಗೆ. ಚಿತ್ರಕಾರ ಮಾತೀಸ್ ಬಂದ, ಕವಿ ರಿಲ್ಕೆ ಬಂದ. ರಿಲ್ಕೆ ಹೇಳಿದ ಮೇಲೆ, 1908ರಲ್ಲಿ, ರೋಡಿನ್ ಬಂದ.”

“ಅಂದರೆ ಸನ್ಯಾಸಿನಿಯರು ಚಿತ್ರಗಳನ್ನು ತೆಗೆಸಿದ ಮನೆಯಲ್ಲಿ ಈಗ ರೋಡಿನ್‌ನ ಬೆತ್ತಲೆ ಪ್ರೇಮಿಗಳ ಶಿಲ್ಪ ‘ಚುಂಬನ’ ಕೂತಿದೆ!”

ಅವಳು ಬಿದ್ದು ಬಿದ್ದು ನಕ್ಕಳು. ಕಾವಲಿನವರು ಕಣ್ಣು ಬಿಟ್ಟರು.

1911ರಲ್ಲಿ ಸರ್ಕಾರ ಮಹಲನ್ನು ಕೊಂಡಾಗ ರೋಡಿನ್ ಮಾಡಿದ ವ್ಯಾಪಾರ ಚೆನ್ನಾಗಿದೆ: ಮನೆಯನ್ನು ಸಂಗ್ರಹಾಲಯ ಮಾಡುವುದಾದರೆ ತನ್ನ ಕೃತಿಗಳೆಲ್ಲ ದೇಶಕ್ಕೆ. 1916ರಲ್ಲಿ ಸರ್ಕಾರ ಒಪ್ಪಿತು, ಮರುವರ್ಷ ಆತ ತೀರಿಕೊಂಡ, 1919ರಲ್ಲಿ ಬಾಗಿಲು ತೆರೆಯಿತು.

ತೋಟದಲ್ಲಿರುವ ರೋಡಿನ್‌ನ ‘ಚಿಂತಕ’ ಶಿಲ್ಪದ ಮುಂದೆ ಸೆಲ್ಫಿಯವರ ಸಂತೆ, ಐದು ನಿಮಿಷ ಸಾಕು. ಹೋಗುವವರಿಗೊಂದು ಮಾತು: ಸೋಮವಾರ ರಜೆ. ಟಿಕೆಟನ್ನು ಸಂಗ್ರಹಾಲಯದಿಂದಲೇ ಕೊಳ್ಳಿ. ಸಾಲಿನಲ್ಲಿ ನಿಲ್ಲಬೇಕಾಗಿಲ್ಲವೆಂದು ಹೆಚ್ಚು ಹಣ ಕಿತ್ತ ಮಧ್ಯವರ್ತಿ ಜಾಲತಾಣವೊಂದು ನಮ್ಮನ್ನು ಅದೇ ಸಾಲಿನ ಕೊನೆಗೆ ನಿಲ್ಲಿಸಿತ್ತು. ಹಣ ವಾಪಸು ಕೇಳಿ ಬರೆದ ಪತ್ರಕ್ಕೆ ಇನ್ನೂ ಉತ್ತರವಿಲ್ಲ.